ಎಕ್ಸ್‌ರೇಯಲ್ಲಿ ಕಾಣದ ಬೆನ್ನುನೋವು

ನನ್ನ ಹತ್ತಿರ ಸಲಹೆಗೆ ಬಂದವರ ಕತೆ ಇದು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮುಂಬೈ ಹತ್ತಿರದ ಡೊಂಬಿವಲಿಯ ಕನ್ನಡದ ಮನೆ. ಮೂವತ್ತೈದರ ಆಸುಪಾಸಿನ ಸೊಸೆ, ದಾದರ್‌ನಲ್ಲಿ ಲೆಕ್ಕಪತ್ರದ ಕೆಲಸ. ಎರಡು ಹೆಗಲ ಮೂಳೆಗಳ ನಡುವೆ ತಿಂಗಳುಗಟ್ಟಲೆ ನೋವು. ಡಾಕ್ಟರು ಪರೀಕ್ಷೆ ಮಾಡಿದ್ದರು, ಎಕ್ಸ್‌ರೇ ನಾರ್ಮಲ್ ಬಂದಿತ್ತು. ತೊಂದರೆ ಶುರುವಾಗಿದ್ದೇ ಅಲ್ಲಿಂದ. "ರಿಪೋರ್ಟ್ ಸರಿಯಿದೆಯಲ್ಲ, ಇನ್ನೇನು?" ಎಂದರು ಗಂಡ. "ನಾವು ಬಾವಿ ನೀರು ಸೇದಿದವರು, ಬೆನ್ನು ಅಂತ ಕೂತವರಲ್ಲ" ಎಂದರು ಅತ್ತೆ.

"ಮೇಡಂ, ನಾನು ನಾಟಕ ಮಾಡ್ತಿದ್ದೀನಾ ಅಂತ ನನಗೇ ಅನುಮಾನ ಬರ್ತಿದೆ" ಎಂದು ಸೊಸೆ ನನ್ನೆದುರು ಅತ್ತರು.

ನಾಟಕ ಅಲ್ಲ. ಎಕ್ಸ್‌ರೇ ತೋರಿಸುವುದು ಮುಖ್ಯವಾಗಿ ಮೂಳೆಯನ್ನು. ಸ್ನಾಯು ಬಿಗಿದು ನೋಯುವುದು ಅದರಲ್ಲಿ ಕಾಣುವುದಿಲ್ಲ. ಸೊಂಟ, ಕುತ್ತಿಗೆಯಷ್ಟು ಅಲ್ಲದಿದ್ದರೂ ಬೆನ್ನಿನ ಮೇಲ್ಭಾಗದ ನೋವು ತುಂಬ ಜನರಿಗೆ ಬರುತ್ತದೆ, ಹೆಂಗಸರಿಗೆ ಜಾಸ್ತಿ. ಅಲ್ಲಿನ 12 ಎಲುಬುಗಳಿಗೆ ಪಕ್ಕೆಲುಬುಗಳ ಆಸರೆ ಇದೆ. ಹಾಗಾಗಿ ಡಿಸ್ಕ್ ಜಾರುವುದು ಅಪರೂಪ. ಹೆಚ್ಚಾಗಿ ನೋಯುವುದು ಹೆಗಲು, ಬೆನ್ನಿನ ಸ್ನಾಯು ಮತ್ತು ಪಕ್ಕೆಲುಬಿನ ಸಣ್ಣ ಕೀಲು. ಇವರ ದಿನವನ್ನೇ ನೋಡಿ. ಲೋಕಲ್ ರೈಲಿನಲ್ಲಿ ಒಂದು ಕೈ ಮೇಲೆ, ಬ್ಯಾಗು ಎದೆಗೆ. ಆಮೇಲೆ ಇಡೀ ದಿನ ಲ್ಯಾಪ್‌ಟಾಪ್ ಮೇಲೆ ಬಗ್ಗಿದ ತಲೆ. ಸಂಜೆ ಅಡುಗೆಕಟ್ಟೆ. ತಲೆಯ ತೂಕವೇ 4-5 ಕಿಲೋ, ಅದನ್ನು ಹಿಡಿದಿಡುವ ಸ್ನಾಯುಗಳಿಗೆ ಬಿಡುವೇ ಇಲ್ಲ. ಇದರ ಮೇಲೆ ಮನೆಯವರು ನಂಬುತ್ತಿಲ್ಲ ಅನ್ನುವ ಸಂಕಟ. ಆತಂಕಕ್ಕೆ ಹೆಗಲು ಬಿಗಿಯುತ್ತದೆ, ನಿದ್ದೆ ಕೆಡುತ್ತದೆ, ನೋವು ಇನ್ನಷ್ಟು ಜೋರಾಗುತ್ತದೆ. ಮನಸ್ಸು ನೋವನ್ನು ಹೆಚ್ಚಿಸಿದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಈ ಮಾತನ್ನು ನಾನು ಗಂಡನ ಎದುರೇ ಹೇಳಿದೆ.

ಅವರಿಗೆ ಕೊಟ್ಟ ಸಲಹೆ ಸರಳ. ಅರ್ಧ ಗಂಟೆಗೊಮ್ಮೆ ಕುರ್ಚಿ ಬಿಟ್ಟು ಏಳಿ. ಸ್ಕ್ರೀನ್ ಕಣ್ಣಿನ ಮಟ್ಟಕ್ಕೆ ಬರಲಿ, ಕೀಬೋರ್ಡ್ ಬೇರೆ ಇರಲಿ. ಸುಮ್ನೆ ಮಲಗಬೇಡಿ, ಫಿಸಿಯೋಥೆರಪಿಸ್ಟ್ ಹತ್ತಿರ ವ್ಯಾಯಾಮ ಕಲಿಯಿರಿ. ಎದೆನೋವು, ಉಸಿರಾಟದ ತೊಂದರೆ ಜೊತೆಗೆ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಾಲು ಬಲ ಕಳೆದುಕೊಂಡರೂ, ಮೂತ್ರ ಹಿಡಿತ ತಪ್ಪಿದರೂ ಹಾಗೆಯೇ. ಜ್ವರ, ತೂಕ ಇಳಿಯುವುದು, ರಾತ್ರಿ ಬಿಡದ ನೋವು ಇದ್ದರೂ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ಬೆನ್ನುಮೂಳೆಗೂ ಕ್ಷಯ (ಟಿ.ಬಿ.) ಬರುತ್ತದೆ, ಇವು ಅದರ ಲಕ್ಷಣ ಇರಬಹುದು.

ಗಂಡನಿಗೆ ಒಂದೇ ಮಾತು: "ನೋವು ಇದೆಯಾ ಅಂತ ಕೇಳಬೇಡಿ. ಇವತ್ತು ಯಾವ ಕೆಲಸ ನಾನು ಮಾಡಲಿ ಅಂತ ಕೇಳಿ." ಬೆಳಗಿನ ಡಬ್ಬಿ, ನೀರು ತುಂಬಿಸುವುದು ಈಗ ಅವರದ್ದು. ನೋವು ಪೂರ್ತಿ ಹೋಗಿಲ್ಲ, ಆದರೆ ಸೊಸೆ ನಿದ್ದೆ ಮಾಡುತ್ತಿದ್ದಾರೆ.

ಮುಂದಿನ ಸಲ ಅತ್ತೆಯೂ ಬಂದರು. ಅವರ ಬೆನ್ನಿನ ಮೇಲ್ಭಾಗ ಬಾಗಿತ್ತು, ಎತ್ತರವೂ ಕಡಿಮೆಯಾಗಿದೆಯಂತೆ. ಮುಟ್ಟು ನಿಂತ ಮೇಲೆ ಮೂಳೆ ಸವೆದು, ಬೆನ್ನಿನ ಎಲುಬು ಸದ್ದಿಲ್ಲದೆ ಕುಸಿಯುವುದುಂಟು. "ಅಮ್ಮಾ, ನಿಮಗೂ ನೋಯುತ್ತಾ?" ಎಂದೆ. ಸ್ವಲ್ಪ ಹೊತ್ತು ಬಿಟ್ಟು ಹೌದೆಂದರು. ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಲು ಮಗನಿಗೆ ಹೇಳಿದ್ದೇನೆ.