ಸೆಕೆಂಡ್ ಹ್ಯಾಂಡ್ ಕಿಲ್ಟ್ ಜಾಕೆಟ್ ಕೊಂಡಿದ್ದೇನೆ, ದಿನಾ ಹಾಕಿಕೊಳ್ಳುವ ಹಾಗೆ ಮಾಡಬಹುದಾ?

ಗ್ಲಾಸ್ಗೋದ ಚಾರಿಟಿ ಅಂಗಡಿಯಲ್ಲಿ 20 ಪೌಂಡಿಗೆ ಕಪ್ಪು ಕಿಲ್ಟ್ ಜಾಕೆಟ್ (ಕಿಲ್ಟ್ ಅಂದರೆ ಸ್ಕಾಟ್ಲೆಂಡಿನ ಗಂಡಸರು ಉಡುವ ನೆರಿಗೆ ಲಂಗ, ಅದರ ಮೇಲೆ ಹಾಕುವ ಗಿಡ್ಡ ಕೋಟು ಇದು) ಸಿಕ್ಕಿತು, ಬೆಳ್ಳಿ ಬಣ್ಣದ ಗುಂಡಿ, ಭುಜದ ಮೇಲೆ ಹೆಣೆದ ಪಟ್ಟಿ ಎಲ್ಲಾ ಇದೆ, ಮದುವೆಮನೆ ಗತ್ತು ಇಳಿಸಿ ಜೀನ್ಸ್ ಜೊತೆಗೋ ಹಳೇ ಕಿಲ್ಟ್ ಜೊತೆಗೋ ಸುಮ್ನೆ ಹಾಕಿಕೊಳ್ಳಬೇಕು ಅಂತ ಕೇಳಿದ್ದೀರಿ. ಆಗುತ್ತದೆ. ನಾನಿರುವುದು ಎಡಿನ್‌ಬರೋದಲ್ಲಿ. ಇಂಥವು ಎರಡನ್ನು ಮನೆಯಲ್ಲೇ ಬಿಚ್ಚಿ ಹೊಲಿದಿದ್ದೇನೆ. ಒಂದು ಚೆನ್ನಾಗಿ ಬಂತು. ಇನ್ನೊಂದರ ಕಥೆ ಆಮೇಲೆ ಹೇಳುತ್ತೇನೆ.

ಕತ್ತರಿ ಹಿಡಿಯುವ ಮೊದಲು ಜಾಕೆಟ್ಟಿನ ಬೆನ್ನು ನೋಡಿ. ಹಿಂದೆ ಗಿಡ್ಡ ಬಾಲದ ಹಾಗೆ ಬಟ್ಟೆ ಇಳಿದಿದೆಯಾ? ಎದೆಯ ಮೇಲಿನ ಮಡಿಕೆ ಸ್ಯಾಟಿನ್‌ನಿಂದ ಹೊಳೆಯುತ್ತಿದೆಯಾ? ಹಾಗಿದ್ದರೆ ಅದು ಪ್ರಿನ್ಸ್ ಚಾರ್ಲಿ ಅನ್ನುವ ಮಾದರಿ. ಸಂಜೆಯ ಔತಣಕ್ಕೆ, ಒಳಗೆ ವೇಸ್ಟ್‌ಕೋಟು, ಕತ್ತಿಗೆ ಬೋ ಟೈ ಕಟ್ಟಿ ಹಾಕುವಂಥದ್ದು. ಮುಂದೆ ತೆರೆದೇ ಇರಲಿ ಅಂತಲೇ ಅದನ್ನು ಹೊಲಿದಿರುತ್ತಾರೆ. ಅದರ ಮೇಲೆ ಕೈಯಾಡಿಸಬೇಡಿ. ಬಾಲ ಕತ್ತರಿಸಿದರೆ ಹೋಟೆಲ್ ವೇಟರ್ ಕೋಟು ಆಗುತ್ತದೆ, ಅಷ್ಟೇ. ಹಾಗೇ ಮಾರಿಬಿಟ್ಟು ಆರ್ಗೈಲ್ ಜಾಕೆಟ್ ಹುಡುಕಿ. ಆರ್ಗೈಲ್‌ಗೆ ಬಾಲ ಇಲ್ಲ, ಜೇಬಿಗೆ ಮುಚ್ಚಳ ಇರುತ್ತದೆ. ಮುಂದಿನ ಅಂಚು ದುಂಡಗೆ ಹಿಂದಕ್ಕೆ ಸರಿದಿರುತ್ತದೆ. ಕಿಲ್ಟ್ ಮುಂದೆ ತೂಗುವ ಸ್ಪೋರನ್ ಚೀಲಕ್ಕೆ ಜಾಗ ಬೇಕಲ್ಲ, ಅದಕ್ಕೆ. ನಿಮ್ಮದು ಆರ್ಗೈಲ್ ಅಂತಲೇ ಇಟ್ಟುಕೊಂಡು ಮುಂದಿನದು ಬರೆಯುತ್ತೇನೆ.

ಜೀನ್ಸ್ ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಿಲ್ಟ್ ಉಡುವುದು ಹೊಕ್ಕುಳಿನ ಮಟ್ಟಕ್ಕೆ. ಜಾಕೆಟ್ ಗಿಡ್ಡ ಇರುವುದು ಆ ಲೆಕ್ಕದಲ್ಲಿ. ನಮ್ಮ ಜೀನ್ಸ್ ಸೊಂಟದ ಮೂಳೆಯ ಕೆಳಗೆ ಕೂರುತ್ತದೆ. ಎರಡರ ನಡುವೆ ಶರ್ಟು ಒಂದು ಗೇಣು ಇಣುಕಿದರೆ ತಮ್ಮನ ಕೋಟು ಹಾಕಿಕೊಂಡು ಬಂದ ಹಾಗೆ ಕಾಣುತ್ತದೆ. ಇದನ್ನು ಯಾವ ಟೈಲರೂ ಸರಿ ಮಾಡಲಾರ. ಬಟ್ಟೆ ಕತ್ತರಿಸಬಹುದು, ಬೆಳೆಸೋಕಾಗುತ್ತಾ? ಹಾಗಾಗಿ ಮೇಲೆ ಏರಿ ಕೂರುವ ಪ್ಯಾಂಟನ್ನೇ ಹುಡುಕಬೇಕು. ಕಿಲ್ಟ್ ಜೊತೆಗಾದರೆ ಈ ತಲೆನೋವೇ ಇಲ್ಲ.

ಕೆಲಸ ಗುಂಡಿಯಿಂದ ಶುರು ಮಾಡಿ. ಬೆಳ್ಳಿ ಗುಂಡಿ ಹೋದರೆ ಗತ್ತು ಅರ್ಧ ಇಳಿದ ಹಾಗೆ. ಈ ಗುಂಡಿಗಳಿಗೆ ಹಿಂಬದಿ ಲೋಹದ ಕೊಂಡಿ ಇರುತ್ತದೆ, ಅದರ ಕೆಳಗೆ ಬ್ಲೇಡ್ ತೂರಿಸಿ ದಾರ ಮಾತ್ರ ಕೊಯ್ಯಿರಿ. ಬದಲಿಗೆ ಕೊಂಬಿನದೋ ಕಡು ಕಂದು ಬಣ್ಣದ್ದೋ ಹಾಕಿ. ನನ್ನದಕ್ಕೆ ಮುಂದೆ 20 ಮಿಲಿಮೀಟರ್, ತೋಳಿಗೆ 15 ಸರಿಹೋಯಿತು. ನಿಮ್ಮ ಕಾಜಾ ಅಳೆದುಕೊಂಡೇ ಕೊಳ್ಳಿ. ಹೊಸ ಗುಂಡಿ ಚಪ್ಪಟೆ ಇರುತ್ತದೆ, ಬಟ್ಟೆಗೆ ಅಂಟಿಸಿ ಹೊಲಿದರೆ ಕಾಜಾ ಹತ್ತಿರ ಬಟ್ಟೆ ಸುಕ್ಕುಗಟ್ಟುತ್ತದೆ. ಅದಕ್ಕೆ ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಅಡ್ಡ ಇಟ್ಟು, ದಾರ ಕಡ್ಡಿಯ ಮೇಲಿಂದ ಹಾಯುವ ಹಾಗೆ ಹೊಲಿಯಿರಿ. ಆಮೇಲೆ ಕಡ್ಡಿ ಎಳೆದು, ಗುಂಡಿಯನ್ನು ಮೇಲಕ್ಕೆತ್ತಿ, ಕೆಳಗಿನ ಸಡಿಲ ದಾರಕ್ಕೆ ನಾಲ್ಕೈದು ಸುತ್ತು ಹಾಕಿ ಗಂಟು ಹಾಕಿ. ಹಳೇ ಗುಂಡಿಗಳನ್ನು ಎಸೆಯಬೇಡಿ, ಮುಂದೆ ಮಾರುವಾಗ ಬೇಕಾಗುತ್ತವೆ.

ಭುಜದ ಪಟ್ಟಿ ತೆಗೆಯುವುದು ಅದರ ನಂತರ. ಒಂದು ತುದಿ ಕಾಲರ್ ಪಕ್ಕ ಗುಂಡಿಗೆ ಸಿಕ್ಕಿರುತ್ತದೆ. ಇನ್ನೊಂದು ತುದಿ ಸಾಮಾನ್ಯವಾಗಿ ತೋಳು ಕೂಡುವ ಹೊಲಿಗೆಯೊಳಗೆ ಹೋಗಿರುತ್ತದೆ. ಅಲ್ಲಿ ಪಟ್ಟಿಯ ಅಗಲದಷ್ಟೇ ಹೊಲಿಗೆ ಬಿಚ್ಚಿ, ಎಳೆದು, ಕೈಯಲ್ಲೇ ಒತ್ತಾಗಿ ಹೊಲಿದುಬಿಡಿ. ಒಳಗೆ ಭುಜದ ಪ್ಯಾಡ್ ಇದೆ, ಕತ್ತರಿ ಆಳಕ್ಕೆ ಇಳಿಸಬೇಡಿ.

ಇಷ್ಟಕ್ಕೇ ನಿಲ್ಲಿಸಿ ಅಂತ ನನ್ನ ಸಲಹೆ. ನಾನು ಎರಡನೇ ಜಾಕೆಟ್ಟಿನಲ್ಲಿ ನಿಲ್ಲಿಸಲಿಲ್ಲ. ತೋಳಿನ ತುದಿಯಲ್ಲಿ ಮೇಲಿಂದ ಹಚ್ಚಿದ ದಪ್ಪ ಪಟ್ಟಿ ಇರುತ್ತದಲ್ಲ, ಅದೂ ಹೋದರೆ ಮಾಮೂಲಿ ಕೋಟಿನ ಹಾಗೇ ಆಗುತ್ತದೆ ಅನ್ನಿಸಿತು. ರಾತ್ರಿ ದೀಪದಲ್ಲಿ ಕೂತು ಎರಡೂ ತೋಳಿನದು ಬಿಚ್ಚಿದೆ. ಚೆನ್ನಾಗೇ ಕಂಡಿತು. ಬೆಳಗ್ಗೆ ಕಿಟಕಿ ಹತ್ತಿರ ಹಿಡಿದರೆ ಪಟ್ಟಿ ಇದ್ದ ಜಾಗ ಕಡುಗಪ್ಪು, ಉಳಿದ ತೋಳೆಲ್ಲಾ ಕಂದಿ ಮಾಸಲು. ವಾಚ್ ಬಿಚ್ಚಿದಾಗ ಮಣಿಕಟ್ಟಿನ ಮೇಲೆ ಕಾಣುತ್ತದಲ್ಲ, ಅದೇ ಗೆರೆ. ಜೊತೆಗೆ ಸೂಜಿ ತೂತುಗಳ ಸಾಲು ಬೇರೆ. ಒದ್ದೆ ಬಟ್ಟೆ ಹಾಕಿ ಇಸ್ತ್ರಿಯ ಹಬೆ ಕೊಟ್ಟೆ, ತೂತು ಮುಚ್ಚಿಕೊಂಡವು. ಬಣ್ಣ ಏನು ಮಾಡುವುದು? ಎರಡು ಸಂಜೆ ಕೂತು ಪಟ್ಟಿ ವಾಪಸ್ ಹೊಲಿದೆ. ನೀವು ತೆಗೆಯಲೇಬೇಕು ಅಂತಿದ್ದರೆ ತೋಳಿನ ಒಳಮಗ್ಗುಲಲ್ಲಿ ಒಂದು ಇಂಚು ಮಾತ್ರ ಬಿಚ್ಚಿ, ಹಗಲು ಬೆಳಕಿನಲ್ಲಿ ನೋಡಿ.

ಬಿಗಿಯಾಗಿದ್ದರೆ ಲೈನಿಂಗ್ ಸ್ವಲ್ಪ ಬಿಚ್ಚಿ ಬೆನ್ನಿನ ನಡುಹೊಲಿಗೆ ನೋಡಿ. ಬ್ಲೌಸಿನಲ್ಲಿ ಬಿಟ್ಟಿರುವ ಹಾಗೆ ಒಳಗೆ ಮಾರ್ಜಿನ್ ಬಟ್ಟೆ ಇದ್ದರೆ ಟೈಲರ್ ಹತ್ತಿರ ಬಿಡಿಸಬಹುದು. ಭುಜವೇ ಹೊಂದುತ್ತಿಲ್ಲ ಅಂದರೆ ಆಸೆ ಬಿಡಿ. ಮತ್ತೆ ಇದು ಉಣ್ಣೆ, ಹುಳು ತಿನ್ನುತ್ತದೆ. ತಂದ ತಕ್ಷಣ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ವಾರ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ ಇಡಿ. ನಮ್ಮ ಮನೆಯಲ್ಲಿ ಬಟಾಣಿ ಪಕ್ಕ ಇಟ್ಟಿದ್ದೆ, ಬೈಗುಳವೂ ತಿಂದೆ.

ಇಲ್ಲಿಯವರು ಬೇಜಾರು ಮಾಡಿಕೊಳ್ಳುತ್ತಾರಾ ಅಂತಲೂ ಕೇಳಿದ್ದೀರಿ. ಇಲ್ಲಪ್ಪ. 1746ರ ಕಾಯ್ದೆಯಲ್ಲಿ ಬ್ರಿಟಿಷ್ ಸರ್ಕಾರವೇ ಹೈಲ್ಯಾಂಡಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನ, ಗಂಡಸರಿಗೆ ಈ ಉಡುಪು ಬೇಡ ಅಂದಿತ್ತು. 1782ರಲ್ಲಿ ಅದು ರದ್ದಾಯಿತು. ಈಗ ಯಾರೂ ಗುಂಡಿ ಎಣಿಸುತ್ತಾ ಕೂತಿಲ್ಲ. ಫುಟ್‌ಬಾಲ್, ರಗ್ಬಿ ಮ್ಯಾಚಿಗೆ ಕಿಲ್ಟ್ ಮೇಲೆ ಟೀಮಿನ ಜರ್ಸಿ ಹಾಕಿಕೊಂಡು ಹೋಗುವವರೂ ಬೇಕಾದಷ್ಟು ಜನ ಇದ್ದಾರೆ. ನಾನು ಕಂದು ಗುಂಡಿಯ ಜಾಕೆಟ್ಟನ್ನು ಟೀ ಶರ್ಟಿನ ಮೇಲೆ ಹಾಕುತ್ತೇನೆ, ಕಾಲಿಗೆ ಬೂಟು, ಸೊಂಟಕ್ಕೆ ತುಪ್ಪಳದ ಬದಲು ಸಾದಾ ಚರ್ಮದ ಸ್ಪೋರನ್.

ಬೆನ್ನಿನದು, ತೋಳಿನದು ಒಂದೊಂದು ಫೋಟೋ ಹಾಕಿ. ಹಗಲಲ್ಲೇ ತೆಗೆಯಿರಿ, ಕಿಟಕಿ ಹತ್ತಿರ.