ಅಪಘಾತದ ಸ್ಥಳದಲ್ಲಿ ಕಳೆಯುವ ನಿಮಿಷಗಳು

ಶಿರಾದ ಓದುಗರೊಬ್ಬರು ಬರೆದಿರುವುದು ಇಷ್ಟು: ಹೆದ್ದಾರಿಯಲ್ಲಿ ಲಾರಿ ಬಡಿದು ಬೈಕ್ ಸವಾರನ ತೊಡೆ ಸೀಳಿ ರಕ್ತ ಸುರಿಯುತ್ತಿತ್ತು. ಆಂಬುಲೆನ್ಸ್ ಬೇಗನೆ ಬಂದರೂ, ಡ್ರಿಪ್ ಹಾಕಲು ರಕ್ತನಾಳ ಸಿಗದೆ ಬಹಳ ಹೊತ್ತು ಅಲ್ಲೇ ನಿಂತಿತು. ಗಾಯಾಳು ಬದುಕುಳಿದಿದ್ದಾನೆ. ವಾಹನಗಳ ಸಂಖ್ಯೆ ಹೆಚ್ಚಿಸಿದರೆ ಇಂಥ ವಿಳಂಬ ತಪ್ಪೀತೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, 2008ರ ನವೆಂಬರ್‌ನಲ್ಲಿ 108 ಸೇವೆ ರಾಜ್ಯದಲ್ಲಿ ಆರಂಭವಾದಂದಿನಿಂದ ನಾವೆಲ್ಲ ವಾಹನ ಎಷ್ಟು ಬೇಗ ಬಂತೆಂದು ಕೇಳುತ್ತೇವೆಯೇ ಹೊರತು ಎಷ್ಟು ಬೇಗ ಹೊರಟಿತೆಂದು ಕೇಳುವುದಿಲ್ಲ. ನೀವು ಅದನ್ನು ಗಮನಿಸಿದ್ದೀರಿ. ವಾಹನದೊಳಗೆ ಸಿಕ್ಕಿಬಿದ್ದವರನ್ನು ಬಿಟ್ಟರೆ, ತೀವ್ರ ಗಾಯಾಳುವನ್ನು ಹತ್ತು ನಿಮಿಷದೊಳಗೆ ಸ್ಥಳದಿಂದ ಹೊರಡಿಸಬೇಕೆಂದೇ ತುರ್ತು ಸಿಬ್ಬಂದಿಗೆ ಕಲಿಸಲಾಗುತ್ತದೆ. ಸುರಿಯುವ ರಕ್ತವನ್ನು ಒತ್ತಿಯೋ ಟೂರ್ನಿಕೆ (ಗಾಯಕ್ಕಿಂತ ಮೇಲೆ ಕೈ ಅಥವಾ ಕಾಲಿಗೆ ಸುತ್ತಿ ರಕ್ತದ ಹರಿವು ತಡೆಯುವ ಪಟ್ಟಿ) ಬಿಗಿದೋ ನಿಲ್ಲಿಸುವುದು, ಉಸಿರಿನ ದಾರಿ ತೆರೆದಿಡುವುದು, ಬೆನ್ನುಮೂಳೆಗೆ ಪೆಟ್ಟಾಗಿರುವ ಶಂಕೆಯಿದ್ದರೆ ಕುತ್ತಿಗೆ ಅಲುಗದಂತೆ ನೋಡಿಕೊಳ್ಳುವುದು, ಇವಿಷ್ಟೂ ಅಲ್ಲೇ ಆಗಬೇಕು. ಡ್ರಿಪ್ಪನ್ನು ದಾರಿಯಲ್ಲಿ ಹಾಕಬಹುದು. ರಕ್ತಸ್ರಾವ ನಿಲ್ಲದೆ ಸಲೈನ್ ಧಾರಾಳವಾಗಿ ಹರಿಸಿದರೆ ಉಳಿದ ರಕ್ತವೂ ತೆಳುವಾಗಿ, ಮೈ ತಣ್ಣಗಾಗಿ, ಹೆಪ್ಪುಗಟ್ಟುವ ಶಕ್ತಿಯೇ ಕುಂದುತ್ತದೆ.

ಔಷಧಕ್ಕೂ ಗಡುವಿದೆ. 20,000ಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನದ ಪ್ರಕಾರ, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲವೆಂಬ ಔಷಧವನ್ನು ಬೇಗ ಕೊಟ್ಟಷ್ಟೂ ರಕ್ತಸ್ರಾವದ ಸಾವು ತಗ್ಗುತ್ತದೆ. ಗಾಯವಾಗಿ ಮೂರು ಗಂಟೆ ಮೀರಿದ ಮೇಲೆ ಕೊಟ್ಟರೆ ಹಾನಿಯೇ ಆಗಬಹುದು.

ಇನ್ನು ಆಸ್ಪತ್ರೆಯ ಬಾಗಿಲು. ಶಸ್ತ್ರಚಿಕಿತ್ಸಕರೂ ರಕ್ತವೂ ಇಲ್ಲದ ಹತ್ತಿರದ ಆಸ್ಪತ್ರೆಗೆ ಒಯ್ದು, ಅಲ್ಲಿಂದ ಇನ್ನೊಂದಕ್ಕೆ ಸಾಗಿಸುವುದರಲ್ಲಿ ಹೋಗುವ ಸಮಯ ಸ್ಥಳದಲ್ಲಿ ಕಳೆದದ್ದಕ್ಕಿಂತ ಹೆಚ್ಚಿರಬಹುದು. ಹೊರಡುವಾಗಲೇ ಗಾಯದ ಸ್ವರೂಪ, ನಾಡಿ, ರಕ್ತದೊತ್ತಡ, ತಲುಪುವ ಹೊತ್ತು ಇವನ್ನು ಫೋನಿನಲ್ಲಿ ತಿಳಿಸಿದರೆ ವೈದ್ಯರು ಸಿದ್ಧರಾಗಿ ನಿಂತಿರುತ್ತಾರೆ. ನಮ್ಮ ಮಟ್ಟಿಗೆ, ಹೊಸ ವಾಹನಗಳಿಗಿಂತ ಮೊದಲು ಈ ಫೋನ್ ಕರೆ ಎಲ್ಲೆಡೆ ಕಡ್ಡಾಯವಾಗಬೇಕು. ವಾಹನ ಸ್ಥಳದಲ್ಲಿ ನಿಂತ ಅವಧಿಯನ್ನೂ ಪ್ರತಿ ಪ್ರಕರಣದಲ್ಲಿ ದಾಖಲಿಸಿ, ಸಿಬ್ಬಂದಿಯನ್ನು ದಂಡಿಸುವುದಕ್ಕಲ್ಲದೆ ತರಬೇತಿ ತಿದ್ದುವುದಕ್ಕೆ ಬಳಸಬೇಕು.

ಆಂಬುಲೆನ್ಸ್ ಬರುವವರೆಗೆ ಸುತ್ತ ನಿಂತವರೂ ಸುಮ್ಮನಿರಬೇಕಿಲ್ಲ. ಮಡಿಸಿದ ಬಟ್ಟೆಯನ್ನು ಗಾಯದ ಮೇಲಿಟ್ಟು ಎರಡೂ ಕೈಗಳಿಂದ ಬಲವಾಗಿ ಒತ್ತಿಹಿಡಿಯಿರಿ. ರಕ್ತ ನಿಂತಿತೇ ಎಂದು ಪದೇಪದೇ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೆಯೇ ಇನ್ನೊಂದನ್ನಿಟ್ಟು ಒತ್ತಿ. ಹೀಗೆ ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ ಸೇರಿಸಲಾದ 134ಎ ಕಲಂ ರಕ್ಷಣೆ ನೀಡುತ್ತದೆ. ಹೆಸರು ಹೇಳುವಂತೆ ಪೊಲೀಸರಾಗಲಿ ಆಸ್ಪತ್ರೆಯಾಗಲಿ ಅವರನ್ನು ಒತ್ತಾಯಿಸುವಂತಿಲ್ಲ.

– ಸಂಪಾದಕ