ಕ್ರೈಸ್ಟ್‌ಚರ್ಚ್ ಮಸೀದಿ ದಾಳಿಯ ನಂತರ ನ್ಯೂಜಿಲೆಂಡ್ ಬಂದೂಕು ಕಾನೂನನ್ನು ಅಷ್ಟು ಬೇಗ ಬದಲಿಸಿದ್ದು ಹೇಗೆ?
ಕಾನೂನಿನಲ್ಲಿದ್ದ ತೂತು ಎಲ್ಲರ ಕಣ್ಣಿಗೂ ಬಿದ್ದಿತ್ತು, ಅದನ್ನು ಮುಚ್ಚಲು ಆಡಳಿತ ಪಕ್ಷದ ಜೊತೆ ಪ್ರಮುಖ ವಿರೋಧ ಪಕ್ಷವೂ ಕೈಜೋಡಿಸಿತು. 2019ರ ಮಾರ್ಚ್ 15ರಂದು, ಶುಕ್ರವಾರದ ನಮಾಜಿಗೆ ಸೇರಿದ್ದವರ ಮೇಲೆ ಎರಡು ಮಸೀದಿಗಳಲ್ಲಿ ಗುಂಡು ಹಾರಿಸಿ 51 ಜನರನ್ನು ಕೊಂದ ತೀವ್ರ ಬಲಪಂಥೀಯ ಭಯೋತ್ಪಾದಕನು, ಸಾಮಾನ್ಯ ಪರವಾನಗಿಯ ಮೇಲೆಯೇ ಅರೆ-ಸ್ವಯಂಚಾಲಿತ ರೈಫಲ್‌ಗಳನ್ನು ಕೊಂಡು, ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್‌ಗಳನ್ನು, ಅಂದರೆ ಗುಂಡು ತುಂಬುವ ಪೆಟ್ಟಿಗೆಗಳನ್ನು, ಬೇರೆಯಾಗಿ ತಂದು ಜೋಡಿಸಿದ್ದನು. ಅಂಥ ಮ್ಯಾಗಜೀನ್ ಕೊಳ್ಳಲು ಆಗ ಪರವಾನಗಿಯೇ ಬೇಕಿರಲಿಲ್ಲ ಎಂಬುದು ನನಗೆ ಇಂದಿಗೂ ಸೋಜಿಗ.

ಒಂದೇ ಸದನವಿರುವ ಸಂಸತ್ತು ಏಪ್ರಿಲ್ 10ರಂದು 119–1 ಮತಗಳಿಂದ ಹೆಚ್ಚಿನ ಅರೆ-ಸ್ವಯಂಚಾಲಿತ ಬಂದೂಕುಗಳ ನಿಷೇಧವನ್ನು ಅಂಗೀಕರಿಸಿತು. ಜನರ ಬಳಿ ಮೊದಲೇ ಇದ್ದ ಅಂಥ ಬಂದೂಕುಗಳನ್ನು ಸರ್ಕಾರವು ಡಿಸೆಂಬರ್ 20ರವರೆಗೆ ಹಣ ಕೊಟ್ಟು ಹಿಂಪಡೆಯಿತು; ಒಪ್ಪಿಸಿದ ಬಂದೂಕಿನ ನಳಿಕೆಯನ್ನು ಯಂತ್ರವೊಂದು ಒತ್ತಿ ಬಾಗಿಸಿ, ಮತ್ತೆ ಬಳಸಲಾಗದಂತೆ ಕೆಡಿಸುತ್ತಿತ್ತು.